ಚೀಸಿನಲ್ಲಿ ಬಿದ್ದ ಹಳ್ಳ

"ತಾತ, ಸ್ಕೂಲ್ ಬಸ್ಸಿಗೆ ಇನ್ನು ಹತ್ತೇ ನಿಮಿಷ," ಎಂದಳು ವಿಲ್ಡೆ.

"ನಂಗೂ... ಗಡಿಯಾರ ನೋಡೋಕೆ ಬರುತ್ತಮ್ಮ," ಎಂದರು ತಾತ. ಅವರ ಮುಂದೆ ಕಂದು ಚೀಸಿನ ಗಟ್ಟಿ, ಪಕ್ಕದಲ್ಲಿ ಅದನ್ನು ಹೆರೆಯುವ ಸೀಳುಬಾಯಿಯ ಸಟ್ಟುಗ. ತಾತ ಸಟ್ಟುಗವನ್ನು ಮುಟ್ಟಿರಲಿಲ್ಲ.

ಚಳಿಗಾಲದಲ್ಲಿ ಸ್ಟ್ರೋಕ್ ಆಗಿ ತಾತನ ಬಲಗೈ ಸೋತಿತ್ತು. "ಇನ್ಮೇಲೆ ಮನೆಕೆಲಸಾನೇ ನಿಮ್ಮ ವ್ಯಾಯಾಮ," ಎಂದು ಥೆರಪಿಸ್ಟ್ ಬೆಂಟೆ ಹೇಳಿದ್ದರು. ಅಂದಿನಿಂದ ಅಂಗಿಯ ಗುಂಡಿ, ಕಾಫಿಪುಡಿಯ ಚಮಚ, ವಿಲ್ಡೆಯ ಬುತ್ತಿಗೆ ಚೀಸ್ ಹೆರೆಯುವುದು, ಎಲ್ಲವೂ ಬಲಗೈಯ ಪಾಲಿಗೆ ಬಂದಿದ್ದವು.

ತೊಂದರೆ ಒಂದೇ. ಸೋತ ಕೈ ನಡುವೆಯೇ ಎಳೆದೆಳೆದು ಚೀಸಿನಲ್ಲಿ ಹಳ್ಳ ಬೀಳುತ್ತಿತ್ತು, ಥೇಟ್ ಸ್ಕೀ ಜಾರುವ ಇಳಿಜಾರಿನ ಹಾಗೆ. ನಾರ್ವೆಯ ಯಾವ ಮನೆಯಲ್ಲೂ ಇದನ್ನು ಸಹಿಸುವುದಿಲ್ಲ. ಮೊದಲೆಲ್ಲ ತಾತನೇ, "ಯಾರಪ್ಪ ಇಲ್ಲಿ ಸ್ಕೀ ಆಡಿದ್ದು?" ಎಂದು ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದರು. ಈಗ ಹಳ್ಳ ಅವರದೇ.

ನೋಡಿದರೆ ನೊಂದುಕೊಳ್ಳುತ್ತಾರೆ, ಪಾಪ, ಎಂದು ವಿಲ್ಡೆಗೆ ಅನಿಸಿತ್ತು. ಅದಕ್ಕೇ ಈ ವಾರ ದಿನಾ ಸಂಜೆ ಕದ್ದು ಎರಡೂ ಅಂಚು ಹೆರೆದು ಚೀಸನ್ನು ಸಮ ಮಾಡಿದ್ದಳು. ಹೆರೆದದ್ದೆಲ್ಲ ಅವಳ ಹೊಟ್ಟೆಗೇ.

"ಇವತ್ತಿಂದ ನೀನೇ ಹೆರ್ಕೋ," ಎಂದರು ತಾತ.

"ಯಾಕೆ ತಾತ?"

"ಹೋದ ವಾರ ಹಳ್ಳ ಚೆನ್ನಾಗಿ ಬೀಳ್ತಿತ್ತು. ಬಸ್ಸಿನ ಗಡಿಬಿಡೀಲಿ ಹೆರೆಯೋವಾಗ ಕಾಣಲ್ಲ, ಮಾರನೇ ಬೆಳಿಗ್ಗೆ... ನೋಡ್ಕೋತಿದ್ದೆ. ಕೈ ಕೆಲಸ ಮಾಡ್ತಿದೆ ಅಂತ ಅದೊಂದೇ ಧೈರ್ಯ. ಈಗ ಹಳ್ಳಾನೇ ಇಲ್ಲ. ಇದ್ದ ಶಕ್ತೀನೂ... ಹೋಯ್ತು ಕಣೆ."

ವಿಲ್ಡೆ ಬುತ್ತಿಡಬ್ಬಿ ಕೆಳಗಿಟ್ಟಳು. ಬೈಸಿಕೊಂಡರೂ ಸರಿಯೆಂದು ಹೇಳಿಬಿಟ್ಟಳು. "ತಾತ, ಅಂಚು ತಿಂದಿದ್ದು ನಾನು. ನಿಂಗೆ ಬೇಜಾರಾಗುತ್ತೆ ಅಂತ ಸಮ ಮಾಡ್ದೆ."

ತಾತ ಅವಳನ್ನೇ ನೋಡಿದರು. "ಅಂದ್ರೆ... ಹಳ್ಳ ಬಿದ್ದಿತ್ತಾ?"

"ಬಿದ್ದಿತ್ತು. ನಿನ್ನೇದು ಎಲ್ಲಕ್ಕಿಂತ ಆಳ."

ತಾತನ ಬಾಯಿಯ ಒಂದು ಕಡೆ ನಕ್ಕಿತು. "ಚೀಸ್ ಕಳ್ಳಿ," ಎನ್ನುತ್ತ ಬಲಗೈಯನ್ನು ಮುಂದೆ ಚಾಚಿದರು. ವಿಲ್ಡೆ ಸಟ್ಟುಗ ಎತ್ತಿಕೊಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ತಾತನೇ ಎತ್ತಿಕೊಂಡರು. ಎಳೆದರು, ನಿಂತರು, ಮತ್ತೆ ಎಳೆದರು. ಹೊರಗೆ ಬಸ್ಸು ಹೊರಟ ಸದ್ದು ಕೇಳಿಸಿತು. ಇಬ್ಬರೂ ತಲೆ ಎತ್ತಲಿಲ್ಲ.

ಅಂದು ಸಂಜೆ ವಿಲ್ಡೆ ಫ್ರಿಜ್ ತೆರೆದು ಚೀಸನ್ನು ಕೈಗೆತ್ತಿಕೊಂಡಳು. ಅಂಚು ತಿನ್ನಬೇಕೆಂದು ಬಹಳ ಆಸೆಯಾಯಿತು. ತಿನ್ನಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಾಣುವಂತೆ, ಹಳ್ಳದ ಕಡೆಯನ್ನು ಮುಂದಕ್ಕೆ ತಿರುಗಿಸಿ ಇಟ್ಟಳು.