ಉತ್ತರದ ಬಾಗಿಲು

೨೦೦೦ನೇ ಇಸವಿಯ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಫ್ರೀಮಾಂಟ್ ಪೊಲೀಸ್ ಠಾಣೆಗೆ ದೂರು ಬಂತು: ಗುಡ್ಡದ ಮೇಲಿನ ಇಂಗ್ಲಿಷ್ ಚರ್ಚಿನ ಗೋಡೆಯನ್ನು ಯಾರೋ ಒಡೆದಿದ್ದಾರೆ, ಕಳುವೇನೂ ಆಗಿಲ್ಲ.

ಹಾಸನದಿಂದ ವಲಸೆ ಬಂದವರ ಮಗಳಾದ ಡಿಟೆಕ್ಟಿವ್ ವಸುಧಾ, ಸಹಾಯಕ ಮೆಂಡೋಜಾನೊಂದಿಗೆ ಹೊರಟಳು. ಆ ಚರ್ಚಿನದೇ ಒಂದು ಕತೆ. ಎಂಟುನೂರು ವರ್ಷ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಿಂತು ಪಾಳುಬಿದ್ದದ್ದನ್ನು ಡಾಟ್‌ಕಾಮ್ ದುಡ್ಡಿನ ಧಣಿಯೊಬ್ಬ ಕಲ್ಲುಕಲ್ಲಿಗೂ ಗುರುತು ಹಾಕಿಸಿ, ಹಡಗೇರಿಸಿ ತಂದು ಇಲ್ಲಿ ಮತ್ತೆ ಕಟ್ಟಿಸಿದ್ದ. ಗಿಡ್ಡ ಗೋಪುರ, ಎರಡು ಮೊಳ ದಪ್ಪದ ಗೋಡೆ, ಗರಗಸದ ಹಲ್ಲಿನಂತೆ ಕೆತ್ತಿದ ಅರ್ಧಚಂದ್ರ ಕಮಾನು.

ಉತ್ತರದ ಗೋಡೆಯಲ್ಲಿ ಹಳೆಯ ಬಾಗಿಲೊಂದನ್ನು ಎಂದೋ ಕಲ್ಲಿಟ್ಟು ಮುಚ್ಚಿದ್ದರು. ಆ ಕಲ್ಲುಗಳಷ್ಟನ್ನೇ ಯಾರೋ ಬಿಡಿಸಿದ್ದರು. ಫೋಟೋ, ಅಳತೆ, ನಕ್ಷೆ, ಹೀಗೆ ಊರಲ್ಲಿ ಪಂಚನಾಮೆ ಎನ್ನುವುದೆಲ್ಲ ಮುಗಿಯಿತು. ಹೊಸ್ತಿಲಾಚೆ ಹುಲ್ಲಿನಲ್ಲಿ ಹೋಳಾದ ನಿಂಬೆಹಣ್ಣು, ಒಳಗೆಲ್ಲ ಕೆಂಪು.

"ರಕ್ತ," ಎಂದ ಮೆಂಡೋಜಾ. "ಸೈತಾನನ ಪೂಜೆಯವರು."

"ಕುಂಕುಮ ಕಣಯ್ಯಾ. ಯಾರಿಗೋ ನಿವಾಳಿಸಿ ಎಸೆದಿದ್ದಾರೆ. ನಿನ್ನ ಸೈತಾನ ಗ್ರೋಸರಿಗೆ ನಮ್ಮ ಇಂಡಿಯನ್ ಅಂಗಡಿಗೇ ಬರ್ತಾನೆ."

ದೂರು ಕೊಟ್ಟ ಮಿಸೆಸ್ ಪೆರೇರಾ ಬಂದವರಿಗೆ ಚರ್ಚು ತೋರಿಸುವಾಕೆ.

"ಈ ಬಾಗಿಲು ಯಾಕೆ ಮುಚ್ಚಿದ್ದು?" ಕೇಳಿದಳು ವಸುಧಾ.

"ಹಿಂದೆ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ತೆರೆದಿಡುತ್ತಿದ್ದರಂತೆ, ಮಗುವಿನೊಳಗಿನ ದೆವ್ವ ಇಲ್ಲಿಂದ ಹೊರಟುಹೋಗಲಿ ಅಂತ. ಆಮೇಲೆ ಆ ನಂಬಿಕೆ ಬೇಡವಾಯ್ತು."

"ಇದನ್ನ ಇಂಡಿಯನ್ನರಿಗೆ ಯಾರಿಗಾದರೂ ಹೇಳಿದ್ರಾ?"

"ಹೋದ ವಾರ. ಅಪ್ಪ, ಅಮ್ಮ, ಮಾತೇ ಆಡದ ಪುಟ್ಟ ಹುಡುಗಿ. ಆತನೇ ಮಕ್ಕಳ ಡಾಕ್ಟರಂತೆ, ಇಲ್ಲೇ ಹತ್ತಿರ ಬೆರ್ರಿಯೆಸಾದಲ್ಲಿ ಕ್ಲಿನಿಕ್ಕು."

ಡಾಕ್ಟರು ರಜೆಯಲ್ಲಿದ್ದಾರೆ ಎಂದು ಮನೆಯ ವಿಳಾಸ ಕೊಟ್ಟರು ಕ್ಲಿನಿಕ್ಕಿನವರು. ಮಧ್ಯಾಹ್ನ ಫ್ರೀಮಾಂಟಿನ ಮನೆಯ ಬಾಗಿಲು ತೆರೆದ ಡಾಕ್ಟರ್ ಅನಂತಪದ್ಮನಾಭರ ಅಂಗೈಗಳಿಗೆ ಪಟ್ಟಿ ಸುತ್ತಿತ್ತು. ಉಗುರುಸಂದಿಯಲ್ಲಿ ಸುಣ್ಣದ ಗಾರೆ.

"ಗೋಡೆ ಒಡೆದವರು ನೀವೇನಾ ಸಾರ್?"

"ಹೌದಮ್ಮ."

"ಮಗು ಜೊತೇಲಿತ್ತಾ?"

"ತನ್ವಿ? ಇದ್ಲು. ಫ್ರೀವೇಲಿ ಆಕ್ಸಿಡೆಂಟಾಗಿ ಅವಳ ಅಣ್ಣ ಹೋದ, ಅವಳ ಪಕ್ಕದಲ್ಲೇ. ಅವತ್ತಿಂದ ಮಾತಿಲ್ಲ. ನನಗೆ ಗೊತ್ತಿದ್ದ ಔಷಧ ಎಲ್ಲ ಆಯ್ತು. ಅವಳೊಳಗೆ ಏನು ಕೂತಿದೆಯೋ, ಅದಕ್ಕೆ ಹೋಗೋಕೆ ದಾರಿ ಬೇಕಲ್ಲ ಅನ್ನಿಸ್ತು."

"ಮಾತಾಡಿದಳಾ?"

"ಇಲ್ಲ."

ಅವರ ಹೆಂಡತಿ ಸತ್ಯವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಾನು ತಾಯತ ಕಟ್ಟಿದ್ರೆ ಕಿತ್ತೆಸೆದ್ರಿ. ಡಾಕ್ಟರ ಮನೇಲಿ ಇಂಥದ್ದೆಲ್ಲ ಇರಬಾರದು ಅಂದ್ರಿ." ದನಿ ಏರಲಿಲ್ಲ. "ಹೋಗೋದಾದ್ರೆ ನನ್ನನ್ನೂ ಕರೀಬಾರದಿತ್ತೇನ್ರಿ?"

ವಸುಧಾ ಡಾಕ್ಟರಿಗೆ ಬಂಧನದ ಮಾತು ಹೇಳಿದಳು. ಸೋಫಾದಲ್ಲಿ ಕೂತ ತನ್ವಿಗೆ ಕಾಣದಂತೆ, ಬೇಡಿಯನ್ನು ಹೊರಗೆ ಕಾರಿನ ಮರೆಯಲ್ಲಿ ಹಾಕಿದಳು.

"ಅವತ್ತು ಗಾಡಿ ಓಡಿಸ್ತಿದ್ದೋನು ನಾನೇ," ಎಂದರು ಅವರು ಹಿಂದಿನ ಸೀಟಿನಿಂದ. "ಅವಳು ಬಾಯಿಬಿಟ್ಟು ನನ್ನ ಬೈದಿದ್ರೂ ಸಾಕಾಗಿತ್ತು."

ವಸುಧಾ ಫ್ರೀವೇ ಹತ್ತಲಿಲ್ಲ. ಒಳರಸ್ತೆಗಳಲ್ಲೇ ನಿಧಾನವಾಗಿ ಅವರನ್ನು ಠಾಣೆಗೆ ಕರೆತಂದಳು.