ಹೆಗಲ ಮೇಲಿನ ಬೇಟೆಚೀಲ

ಹೆಣ ಕಲ್ಲುಕೋರೆಯ ತಳದಲ್ಲಿ, ನೀರಿನ ಅಂಚಿನಲ್ಲಿ ಬೋರಲಾಗಿ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಹೆಗಲಲ್ಲಿ ಒಂದು ಚರ್ಮದ ಚೀಲ.

ಬಜಗೋಳಿ ಸಮೀಪದ ಆ ಕೋರೆಯಲ್ಲಿ ಕೆಲಸ ನಿಂತು ಎಷ್ಟೋ ಕಾಲವಾಗಿತ್ತು. ಸಬ್ ಇನ್‌ಸ್ಪೆಕ್ಟರ್ ವಿಜೇತಾ ಇಳಿದು ಬಂದಾಗ, ಅಲ್ಲೇ ಹತ್ತಿರದ ಮನೆಯ ಶ್ರವಣ್ ಬಂಡೆಯೊಂದರಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಸತ್ತವನು ಅವನ ಗೆಳೆಯ ಅಭಿರಾಮ್, ಕಾರ್ಕಳದ ಕಾಲೇಜೊಂದರ ಇತಿಹಾಸ ಉಪನ್ಯಾಸಕ. ಹಳೆಯ ಅರಸರ ಬೇಟೆಯನ್ನು ಆ ಕಾಲದಲ್ಲಿ ಇದ್ದಂತೆಯೇ ವೇಷ ಕಟ್ಟಿ ಆಡಿ ತೋರಿಸುವ ತಂಡವೊಂದನ್ನು ಕಟ್ಟಿದ್ದವನು.

ವೇಷಕ್ಕೊಪ್ಪುವ ಬೇಟೆಚೀಲ ಆರಿಸುವುದಕ್ಕೇ ಅಭಿರಾಮ್ ತಿಂಗಳುಗಟ್ಟಲೆ ಒದ್ದಾಡಿದ್ದನಂತೆ. ಕೊನೆಗೆ ಹಿಡಿಸಿದ್ದು ತಾನು ತರಿಸಿಕೊಟ್ಟ ಈ ಚೀಲವೇ ಎಂದ ಶ್ರವಣ್. ಅದನ್ನು ಹಾಕಿಕೊಂಡು ಬಂಡೆ ಹತ್ತುವ ಅಭ್ಯಾಸ ಮಾಡುವಾಗ ಜಾರಿರಬೇಕು ಎಂಬುದು ಅವನ ಊಹೆ.

ವಿಜೇತಾ ಚೀಲದ ಪಟ್ಟಿ ಎತ್ತಿ ನೋಡಿದಳು. ಅಂಗಿಯ ಹೆಗಲೆಲ್ಲ ಒಣಗಿದ ರಕ್ತ. ಪಟ್ಟಿಯ ಮೇಲೆ ಒಂದು ಹನಿಯೂ ಇಲ್ಲ.

ಪೆಟ್ಟು ಬಿದ್ದಾಗ ಚೀಲ ಹೆಗಲಲ್ಲಿರಲಿಲ್ಲ. ಆಮೇಲೆ ಯಾರೋ ಹಾಕಿದ್ದರು.

"ಇವರಿಗೆ ಯಾರ ಹತ್ತಿರವಾದರೂ ಜಗಳ ಉಂಟಾ?"

ಶ್ರವಣ್ ಹಿಂಜರಿಯುತ್ತಲೇ ಹೇಳಿದ. "ಉಡುಪಿಯ ಕ್ಲಾಯ್ಡ್ ಹತ್ತಿರ. ವೇಷದ ಅಂಗಡಿಯವ. ಅವ ಹೊಲಿದ ಚೀಲವನ್ನು ಇವ ಮೂರು ಸಲ ವಾಪಸು ಮಾಡಿದ್ದ."

* * *

ಕ್ಲಾಯ್ಡ್ ಜಗಳವನ್ನು ಮುಚ್ಚಿಡಲಿಲ್ಲ. ರಸ್ತೆಯಲ್ಲೇ ಕೂಗಾಡಿದ್ದೂ ನಿಜವೇ. ಆದರೆ ನಾಲ್ಕನೆಯ ಸಲ ಹೊಲಿದದ್ದನ್ನು ಅಭಿರಾಮ್ ಒಪ್ಪಿ ಮನೆಗೆ ಒಯ್ದಿದ್ದ. ವಿಜೇತಾ ಹೆಣದ ಮೇಲಿದ್ದ ಚೀಲದ ಫೋಟೊ ತೋರಿಸಿದಳು.

"ಇದು ನನ್ನದಲ್ಲ ಮೇಡಂ. ಟಿಚ್ ಬಟನ್ ಉಂಟು ನೋಡಿ. ನಾನೂರು ವರ್ಷದ ಹಿಂದೆ ಟಿಚ್ ಬಟನ್ ಎಲ್ಲಿಂದ ಬರ್ತದೆ ಅಂತ ಅವರು ಇದನ್ನು ನನಗೆ ತೋರಿಸಿದ ದಿನವೇ ಬೇಡ ಅಂದಿದ್ದರು."

* * *

ಉಡುಪಿಯ ಕಡಿಯಾಳಿಯ ಮನೆಯಲ್ಲಿ ಅಭಿರಾಮನ ಹೆಂಡತಿ ಶ್ರೀವಾಣಿ ಜಗಲಿಯ ಮೊಳೆಯತ್ತ ಕೈ ತೋರಿಸಿದಳು. ದೇವಸ್ಥಾನದ ಪೂಜೆಯ ಮನೆತನ. ಚರ್ಮ ಒಳಗೆ ಬರುವಂತಿರಲಿಲ್ಲ. ಕೈಹೊಲಿಗೆಯ, ಕೊಂಬಿನ ಗುಂಡಿಯ ಚೀಲ ಹೊರಗೇ ತೂಗುತ್ತಿತ್ತು.

"ಇದು ಸಿಕ್ಕಿದ್ದು ಶ್ರವಣನಿಗೆ ಗೊತ್ತಾ?"

"ಇಲ್ಲ. ಅವ ಪ್ರೀತಿಯಿಂದ ತಂದುಕೊಟ್ಟದ್ದು, ಬೇಡ ಅಂದರೆ ಬೇಜಾರು ಮಾಡಿಕೊಳ್ತಾನೆ ಅಂದರು. ಆ ಚೀಲ ಅಭ್ಯಾಸದ ಸಾಮಾನಿನ ಜೊತೆ ಅವನ ಜೀಪಿನಲ್ಲೇ ಉಂಟು."

ಹಾಗಾದರೆ ಅಭಿರಾಮ್ ಬಜಗೋಳಿಗೆ ಹೋದದ್ದು ಏಕೆ? ಶ್ರೀವಾಣಿ ಒಳಬಾಗಿಲನ್ನು ಎಳೆದುಕೊಂಡಳು. ಆಮೇಲೆ ಹೇಳಿದಳು. ಕಾಪು ಕಡಲತೀರದಲ್ಲಿ ಅಭ್ಯಾಸ ನಡೆದಾಗ ಶ್ರವಣ್ ತನ್ನ ಅಜ್ಜನ ಕೋವಿಗೆ ನಿಜವಾದ ಮದ್ದು ತುಂಬಿದ್ದ. ಅದು ಸಿಡಿದು ಅಭಿರಾಮನ ವಿದ್ಯಾರ್ಥಿನಿ ನಿಖಿತಾಳ ಕಣ್ಣಿಗೆ ಬಡಿಯಿತು. ಪಟಾಕಿ ಎಂದು ಎಲ್ಲರೂ ಸುಳ್ಳು ಹೇಳಿದರು. ಆ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲವೆಂದು ಮಣಿಪಾಲದ ವೈದ್ಯರು ಹೇಳಿದ ದಿನವೇ ಅಭಿರಾಮ್ ಶ್ರವಣನ ಮನೆಗೆ ಹೊರಟಿದ್ದ. ಸುಳ್ಳು ಹೇಳಿದ್ದು ಸಾಕು ಎಂದಷ್ಟೇ ಹೇಳಿ ಹೋಗಿದ್ದ.

* * *

ಶ್ರವಣನ ಜೀಪಿನ ಸೀಟಿನಡಿಯಲ್ಲಿ ಜಾಕಿನ ರಾಡು ಸಿಕ್ಕಿತು. ಒರೆಸಿದ್ದರೂ ತುದಿಯಲ್ಲಿ ರಕ್ತ ಉಳಿದಿತ್ತು.

"ಅಭ್ಯಾಸ ಮಾಡುವಾಗ ಬಿದ್ದ ಅಂತ ಕಾಣಬೇಕಿತ್ತು," ಎಂದಳು ವಿಜೇತಾ. "ಅದಕ್ಕೆ ಚೀಲ ಹಾಕಿದಿರಿ. ಆದರೆ ಅವರು ಆರಿಸಿದ್ದು ಬೇರೆ ಚೀಲ. ಅದು ಕ್ಲಾಯ್ಡ್‌ಗೆ ಗೊತ್ತು, ಹೆಂಡತಿಗೆ ಗೊತ್ತು. ಗೊತ್ತಿಲ್ಲದವರು ನೀವೊಬ್ಬರೇ. ಈ ಚೀಲ ಇದ್ದದ್ದೂ ನಿಮ್ಮ ಜೀಪಿನಲ್ಲೇ."

ಶ್ರವಣ್ ಅವಳನ್ನೇ ನೋಡಿದ.

"ಅವನಿಗೆ ಇಷ್ಟ ಆಗಿರಲಿಲ್ವಾ?"

"ಇಲ್ಲ. ನಿಮಗೆ ಬೇಜಾರಾಗ್ತದೆ ಅಂತ ಹೇಳಿರಲಿಲ್ಲ."

ಕೋರೆಯ ಅಂಚಿನಲ್ಲಿ ನಿಂತು ಕೈಮುಗಿದು ಬೇಡಿಕೊಂಡದ್ದು, ಅಭಿರಾಮ್ ಒಪ್ಪದೆ ಬೆನ್ನು ತಿರುಗಿಸಿದ್ದು, ಎಲ್ಲವನ್ನೂ ಅವನು ತಾನಾಗಿಯೇ ಹೇಳಿದ.

* * *

ಕೋವಿಯ ಪ್ರಕರಣವನ್ನೂ ದಾಖಲಿಸಲು ವಿಜೇತಾ ಮಣಿಪಾಲಕ್ಕೆ ಹೋದಳು. ನಿಖಿತಾ ಉಳಿದ ಒಂದು ಕಣ್ಣಿನಿಂದ ಕಾಣಲು ಪೂರ್ತಿ ಮುಖ ತಿರುಗಿಸಿದಳು.

"ಅಭಿರಾಮ್ ಸರ್ ಸತ್ಯ ಹೇಳ್ತೇನೆ ಅಂದಿದ್ದರು," ಎಂದಳು. "ಅವರ ಗೆಳೆತನ ಹಾಳಾಗ್ತದೆ ಅಂತ ನಾನೇ ಬೇಡ ಅಂದಿದ್ದೆ."