ಜಮಖಾನದಡಿಯ ಹಗ್ಗ

"ಕಣ್ಣು ಕಾಣಲ್ವಾ ನಿಮಗೆ?"

ಸ್ಟೂಲು ಒಂದು ಕಡೆ, ಬಣ್ಣದ ಡಬ್ಬ ಇನ್ನೊಂದು ಕಡೆ, ನಡುವೆ ರಂಗದ ಮೇಲೆ ಬಿದ್ದ ಅವಳು! ಗದರಿದವನು ವಿಶ್ವವಿದ್ಯಾಲಯದ ನಾಟಕ ವಿಭಾಗಕ್ಕೆ ಸೆಟ್ಟು ಕಟ್ಟುವ ಯುವಕ. ಎಲ್ಲರ ಬಾಯಲ್ಲೂ ಅವನು 'ಬಡಗಿ'.

ಅವಳ ಎದೆ ಚುರ್ರೆಂದಿತು. ಏಕೆಂದರೆ... ಅದು ನಿಜವೇ ಆಗಿತ್ತು.

ಕನ್ನಡಕ ತೆಗೆದರೆ ನಾಲ್ಕು ಹೆಜ್ಜೆ ಆಚೆಗಿನ ಲೋಕವೆಲ್ಲ ಮಂಜು. ಲೆನ್ಸ್ ಹಾಕಿದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ರಾಣಿಯ ಪಾತ್ರಕ್ಕೆ ಸೋಡಾಬುಡ್ಡಿ ಹಾಕಿಕೊಂಡು ಬರಲಾದೀತೇ? ಹಾಗಾಗಿ ಅಭ್ಯಾಸವೂ ಕನ್ನಡಕವಿಲ್ಲದೆ.

ಈ ವರ್ಷದ ಮೊದಲ ಮೂರು ನಾಟಕಗಳಲ್ಲೂ ಅವಳು ಗುಂಪಿನ ಹಿಂದೆ ನಿಂತವಳು. ಕೊನೆಯ ನಾಟಕದಲ್ಲಿ ಅಂತೂ ರಾಣಿಯಾಗಿದ್ದಳು.

"ನೋಡಮ್ಮ, ಇನ್ನೊಂದು ಸಲ ಎಡವಿದ್ರೆ ಕಿರೀಟ ಬೇರೆಯವರ ತಲೆಗೆ," ಎಂದಿದ್ದರು ನಿರ್ದೇಶಕಿ ಮೇಡಂ. ಕಣ್ಣು ಇಷ್ಟು ಮಂಜೆಂದು ಅವರಿಗೆ ತಿಳಿದರೆ ಪಾತ್ರ ಹೋದಂತೆಯೇ!

ಒಂದು ಮಧ್ಯಾಹ್ನ ಬಡಗಿಯ ನೋಟ್‌ಬುಕ್ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅವಳು ಅದರ ಮೇಲೆ ಬಗ್ಗಿ ಓದಿದಳು.

'ಎರಡನೇ ದೃಶ್ಯ: ಮೆಟ್ಟಿಲ ಬಳಿ ಎಡವಿದರು. ಮೂರನೇ ದೃಶ್ಯ: ಸಿಂಹಾಸನ ದಾಟಿ ಎರಡು ಹೆಜ್ಜೆ ಹೋದರು.'

ಪುಟಗಟ್ಟಲೆ ಅವಳ ತಪ್ಪುಗಳೇ!

"ಮೇಡಂ ಹತ್ರ ಚಾಡಿ ಹೇಳೋಕೆ ಪಟ್ಟಿ ಮಾಡ್ತಿದ್ದೀರಾ? ನಾನೇನ್ರೀ ಅನ್ಯಾಯ ಮಾಡಿದ್ದೆ ನಿಮಗೆ?"

ಏಣಿಯ ಮೇಲಿದ್ದ ಅವನ ತುಟಿಗಳ ನಡುವೆ ಐದಾರು ಮೊಳೆಗಳು. "ಮ್... ಮ್ಮ್..." ಎಂದ. ಅವನ್ನೆಲ್ಲ ಅಂಗೈಗೆ ಉಗುಳಿ ಕೆಳಗಿಳಿಯುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು ಹೊರಟುಹೋಗಿದ್ದಳು. ವಾರವಿಡೀ ಅವನು ಎದುರಾದಾಗಲೆಲ್ಲ ಮುಖ ತಿರುಗಿಸಿದಳು.

ಪ್ರದರ್ಶನದ ಸಂಜೆ ಬಂತು.

'ದೇವರೇ, ನನ್ನ ಕಾಲಿಗೆ ನೀನೇ ಕಣ್ಣಾಗಪ್ಪ...' ಕನ್ನಡಕ ತೆಗೆದಿಟ್ಟು ಬರಿಗಾಲಲ್ಲಿ ರಂಗಕ್ಕೆ ನಡೆದಳು. ಅಂದೇ ಹಾಸಿದ ಹೊಸ ಜಮಖಾನ. ಎದುರಿಗೆ ಬರೀ ಬೆಳಕಿನ ಹೊಗೆ.

ಮೆಟ್ಟಿಲು ಎಲ್ಲಿ?

ಅಂಗಾಲಿಗೆ ಏನೋ ತಾಗಿತು. ಜಮಖಾನದಡಿ ಕಿರುಬೆರಳಿಗಿಂತ ತೆಳುವಾದ ಹಗ್ಗ! ಅಲ್ಲಿಂದ ಒಂದೇ ಹೆಜ್ಜೆಗೆ ಮೆಟ್ಟಿಲು. ಸಿಂಹಾಸನದ ಮುಂದೆ ಜೋಡಿ ಹಗ್ಗ. ಅವಳು ತಪ್ಪಿದ್ದ ಒಂದೊಂದು ಜಾಗದಲ್ಲೂ ಒಂದೊಂದು ಹಗ್ಗ ಅವಳ ಪಾದಕ್ಕಾಗಿ ಕಾದಿತ್ತು.

ದೇವರು ಕೇಳಿಸಿಕೊಂಡಿದ್ದ. ಕೈ ಮಾತ್ರ ಬಡಗಿಯದು.

ರಾಣಿ ತಲೆಯೆತ್ತಿ ನಡೆದಳು. ಅವಳ ಕಣ್ಣು ತುಂಬಿದ್ದು ಪಾತ್ರಕ್ಕಾಗಿ ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಅವನು ಮಂಡಿಯೂರಿ ಹಗ್ಗದ ಮೊಳೆ ಕೀಳುತ್ತಿದ್ದ.

"ಅವತ್ತೇ ಹೇಳಬಾರದಿತ್ತಾ?"

"ಬಾಯ್ತುಂಬ ಮೊಳೆ ಇತ್ತಲ್ಲ!"

"ವಾರವಿಡೀ ಇತ್ತಾ?"

ಅವನು ನಕ್ಕ. ಮರುಕ್ಷಣ ತಲೆ ತಗ್ಗಿಸಿದ. "ಮೊದಲ ದಿನ ಹಾಗೆ ಗದರಿಬಿಟ್ಟೆ. ಆಮೇಲೆ ನೀವು ಎದ್ದೇಳೋಕೆ ಕೈಯಲ್ಲಿ ತಡಕಾಡಿದ್ದು ನೋಡಿ ಕರುಳು ಚುರುಕ್ ಅಂತು. ಬಾಯಿ ಮಾಡಿದ ತಪ್ಪನ್ನ ಕೈಯಿಂದಾದ್ರೂ ತಿದ್ಕೊಳ್ಳೋಣ ಅಂತ..."

"ಅಷ್ಟಕ್ಕೇನಾ?"

"ಅಷ್ಟಕ್ಕೇ ಅಲ್ಲ." ಅವನು ಎದ್ದು ನಿಂತ. "ಕನ್ನಡಕ ಹಾಕ್ಕೊಳ್ಳಿ. ಮುಂದಿನ ಮಾತು ಹೇಳುವಾಗ ನನ್ನ ಮುಖ ನಿಮಗೆ ಕಾಣಬೇಕು."

ಅವಳು ಕನ್ನಡಕವನ್ನು ಮುಷ್ಟಿಯಲ್ಲೇ ಹಿಡಿದು ನಕ್ಕಳು.

"ಬೇಡ... ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಹತ್ತಿರದ್ದು ನನಗೆ ಚೆನ್ನಾಗಿ ಕಾಣುತ್ತೆ."